ಒತ್ತಾಸೆಯ ದನಿ

ಮಗಳು ಶಾಲೆಯಲ್ಲಿ ಕಲಿತು ಬಿಟ್ಟುಹೋದ ರೆಕಾರ್ಡರೊಂದು ನಮ್ಮ ಮನೆಯಲ್ಲಿತ್ತು. ಧ್ವನಿ ಮುದ್ರಿಸುವ ಯಂತ್ರವಲ್ಲ. ನೆಟ್ಟಗೆ ಹಿಡಿದು ಊದುವ ವಿಲಾಯತಿ ಕೊಳಲು. ಮುಂದೆ ಏಳು ರಂಧ್ರ, ಹಿಂದೆ ಹೆಬ್ಬೆರಳಿಗೊಂದು. ನಿವೃತ್ತನಾದ ಮೇಲೆ ಇನ್ನೊಂದನ್ನು ಕೊಂಡು ತಂದೆ. ಸಂಜೆಯ ಹೊತ್ತು ನಾನೂ ನನ್ನಾಕೆಯೂ ಜೋಡಿಯಾಗಿ ನುಡಿಸತೊಡಗಿದೆವು.

ನಮಗೆ ಒಗ್ಗಿದ ಹಾಡು 1961ರ ‘ಮೂನ್ ರಿವರ್’. ನಟಿ ಆಡ್ರಿ ಹೆಪ್‌ಬರ್ನ್ ಅವರ ಕಂಠದ ಮಿತಿಯನ್ನು ಅರಿತೇ ಹೆನ್ರಿ ಮಾನ್ಸಿನಿ ಅದನ್ನು ಹೊಂದಿಸಿದ್ದು. ನಮ್ಮಂಥವರಿಗೆ ಅದೇ ವರ. ಹಾಡಿನ ಧಾಟಿ ನನ್ನದು. ಕೆಳಗಿನ ಒತ್ತಾಸೆಯ ದನಿ ಆಕೆಯದು. ಹಾಗೆಂದು ಯಾರೂ ಗೊತ್ತುಮಾಡಿರಲಿಲ್ಲ; ಮನೆಯಲ್ಲಿ ನಲವತ್ತು ವರ್ಷ ನಡೆದುಬಂದ ಪದ್ಧತಿ, ಅಷ್ಟೆ.

ಆದರೆ ಈ ವಾದ್ಯ ಜೋರನ್ನು ಸಹಿಸದು. ಬಿರುಸಾಗಿ ಊದಿದರೆ ಶ್ರುತಿಯೇ ಮೇಲೇರಿಬಿಡುತ್ತದೆ. ಒಂದು ಸಂಜೆ ಅಪಸ್ವರವಾಯಿತು. ತಪ್ಪು ಆಕೆಯದೆಂದೆ.

“ನಾನು ಇಳಿದಿಲ್ಲ, ನೀವು ಏರಿದ್ದೀರಿ. ಇವತ್ತು ಕೆಳಗಿನದನ್ನು ನೀವೇ ನುಡಿಸಿ ನೋಡಿ,” ಎಂದಳು.

ನುಡಿಸಿದೆ. ಮೇಲಿನವರು ಎಲ್ಲಿ ಉಸಿರೆಳೆದಾರು, ಎಲ್ಲಿ ತಡೆದಾರು ಎಂದು ಕಿವಿಗೊಟ್ಟೇ ಇರಬೇಕು. ಎರಡು ಸಾಲಿಗೇ ದಣಿದೆ. ಆಕೆಯ ಧಾಟಿಯೋ, ಹದವಾಗಿ, ಅವಸರವಿಲ್ಲದೆ ಸಾಗಿತ್ತು. ಇಷ್ಟು ವರ್ಷ ಇದು ಎಲ್ಲಿತ್ತು?

ಎರಡು ಕೊಳಲು ಕೂಡಿದಾಗ ಯಾರೂ ಊದದ ಮೂರನೆಯ ಸ್ವರವೊಂದು ಕಿವಿಯಲ್ಲಿ ಗುಂಯ್‌ಗುಡುವುದುಂಟು. ಅಂದು ಮೊದಲ ಬಾರಿಗೆ ಅದು ನನಗೆ ಕೇಳಿಸಿತು.

“ನಿನಗೂ ಕೇಳಿಸಿತೇ?” ಎಂದೆ.

“ಆಗಾಗ ಕೇಳಿಸುತ್ತಿತ್ತು. ನಿಮಗೂ ಕೇಳಿಸುತ್ತಿದೆಯೆಂದೇ ತಿಳಿದಿದ್ದೆ.”

ಅಂದಿನಿಂದ ದಿನ ಬಿಟ್ಟು ದಿನ ಧಾಟಿ ಆಕೆಯದು.