ಮೊಲ ಕಂಡರೆ ನಿಲ್ಲದ ನಾಯಿ

ಇಂಗ್ಲೆಂಡಿನಲ್ಲಿ ಲರ್ಚರ್ ಎಂಬ ನಾಯಿಯಿದೆ. ಅದು ಒಂದು ತಳಿಯಲ್ಲ, ಬೆರಕೆ. ಗ್ರೇಹೌಂಡ್, ವಿಪೆಟ್, ಸಲೂಕಿಯಂಥ ಓಟದ ನಾಯಿಯನ್ನು ಕುರಿ ಕಾಯುವ ಕೋಲಿಯ ಜೊತೆಗೋ ಟೆರಿಯರ್ ಜೊತೆಗೋ ಕೂಡಿಸಿದರೆ ಹುಟ್ಟುವ ಮರಿಗೆ ಆ ಹೆಸರು. ತಂದೆ ತಾಯಿ ಎರಡೂ ಬೇರೆ ಬೇರೆ ಓಟದ ತಳಿಯವಾದರೆ ಅದನ್ನು ಲಾಂಗ್‌ಡಾಗ್ ಅನ್ನುತ್ತಾರೆ. ಒಂದಾನೊಂದು ಕಾಲಕ್ಕೆ ಇದು ಬಡವನ ನಾಯಿ. 1390ರ ಸುಮಾರಿಗೆ, ಎರಡನೆಯ ರಿಚರ್ಡ್ ದೊರೆಯ ಕಾಲದಲ್ಲಿ, ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಜಮೀನಿಲ್ಲದವನು ಬೇಟೆ ನಾಯಿ ಸಾಕುವಂತಿಲ್ಲ ಎಂಬ ಕಾಯಿದೆ ಬಂತು. ಆದರೆ ಕಾಯಿದೆ ಬಂದರೂ ಹಸಿವು ಹೋಗಬೇಕಲ್ಲ? ದೊರೆಗಳ ಬೇಟೆಯನ್ನು ಕತ್ತಲಲ್ಲಿ ಕದಿಯುವವನಿಗೆ ಗ್ರೇಹೌಂಡಿನ ಕಾಲೂ ಬೇಕು, ಬೊಗಳದೆ ಹೊಂಚು ಹಾಕುವ ಬುದ್ಧಿಯೂ ಬೇಕು. ಲರ್ಚರ್ ಎಂಬ ಹೆಸರೇ ಹೊಂಚು ಹಾಕುವುದು ಎಂಬ ಅರ್ಥದ ಹಳೆಯ ಪದದಿಂದ ಬಂದದ್ದು.

ನಾನು ಲಿಂಕನ್‌ಶೈರಿಗೆ ಬಂದು ಹದಿಮೂರು ವರ್ಷವಾಯಿತು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ. ಜೌಗು ಬಸಿದು ಮಾಡಿದ ಫೆನ್ಸ್ ಎಂಬ ಬಯಲಿನಲ್ಲಿ ನಮ್ಮ ಮನೆ. ಕಪ್ಪು ಮಣ್ಣು, ಬೇಲಿಯಿಲ್ಲದ ಹೊಲಗಳು, ನಡುವೆ ನೇರವಾಗಿ ಎಳೆದ ಕಾಲುವೆಗಳು. ಮುಧೋಳದ ಕಡೆಯ ಎರೆಹೊಲ ನೋಡಿ ಬೆಳೆದ ನನಗೆ ಈ ನೆಲ ಪರಕೀಯ ಅನ್ನಿಸಲೇ ಇಲ್ಲ. ಇಲ್ಲಿ ಮೊಲಗಳೂ ಹೇರಳ. ಇವು ಬಿಲ ತೋಡುವ ರ‍್ಯಾಬಿಟ್ ಅಲ್ಲ, ಉದ್ದ ಕಾಲಿನ ಕಾಡುಮೊಲ. ಬಯಲಿನಲ್ಲೇ ಅಂಗೈಯಷ್ಟು ತಗ್ಗು ಮಾಡಿಕೊಂಡು ಮಲಗುತ್ತವೆ. ಅವಿತುಕೊಳ್ಳಲು ಮನೆಯಿಲ್ಲದ ಪ್ರಾಣಿ ಅದು. ತಲೆಯ ಪಕ್ಕದಲ್ಲಿರುವ ಕಣ್ಣು ಮತ್ತು ಗಂಟೆಗೆ ಎಪ್ಪತ್ತು ಕಿಲೋಮೀಟರ್ ಮುಟ್ಟುವ ಓಟ, ಇವೆರಡೇ ಅದರ ಆಸ್ತಿ.

ಮಗಳಿಗೆ ಹತ್ತು ತುಂಬಿದಾಗ ನಾಯಿ ಬೇಕೆಂದು ಹಟ ಹಿಡಿದಳು. ಮರಿ ಕೊಳ್ಳುವುದು ಬೇಡ, ಬಿಟ್ಟುಹೋದ ನಾಯಿಗಳ ಆಶ್ರಯದಿಂದ ತರೋಣ ಎಂದಳು ಹೆಂಡತಿ. ಹೋಗಿ ನೋಡಿದರೆ ಅಲ್ಲಿದ್ದವುಗಳಲ್ಲಿ ಬಹುಪಾಲು ಲರ್ಚರುಗಳೇ! ಕಾರಣ ಹೇಳಿದ್ದು ನಮ್ಮ ಪಕ್ಕದ ಮನೆಯ ಅಜ್ಜ. ಎಪ್ಪತ್ತೆಂಟರ ಪ್ರಾಯ, ಜೀವನವೆಲ್ಲ ಹೊಲದ ಕೆಲಸ, ಹರೆಯದಲ್ಲಿ ಮೊಲದ ಬೇಟೆಗೆ ನಾಯಿ ಸಾಕಿದವರು.

"ಮೊಲಕ್ಕೆ ನಾಯಿ ಬೇಕು ಅಂದವನನ್ನ ಮೊದಲು ಕೇಳಬೇಕಾದ್ದು, ನಿನ್ನ ಹೊಲ ಎಂಥದ್ದು ಅಂತ" ಎಂದರು. ಬೇಲಿಗಳಿರುವ ಸಣ್ಣ ಹೊಲವಾದರೆ ಎದ್ದ ಕ್ಷಣಕ್ಕೆ ಬಾಣದಂತೆ ಹೊರಡುವ ನಾಯಿ ಬೇಕು, ಅಲ್ಲಿ ಗ್ರೇಹೌಂಡಿನ ಪಾಲು ಹೆಚ್ಚಿರಬೇಕು. ಆದರೆ ಗ್ರೇಹೌಂಡ್ ಅರೆನಿಮಿಷದ ದೊರೆ. ಮೊಲ ನೇರ ಓಡುವುದಿಲ್ಲ, ನಾಯಿಯ ಬಾಯಿ ತಗುಲುವ ಹೊತ್ತಿಗೆ ಸರಕ್ಕನೆ ತಿರುಗುತ್ತದೆ. ಭಾರದ ನಾಯಿ ಮುಂದೆ ಹೋಗಿ ಬೀಳುತ್ತದೆ. ಹೀಗೆ ನಾಲ್ಕೈದು ತಿರುವು ಆದರೆ ಗ್ರೇಹೌಂಡಿಗೆ ಉಸಿರು ಇರುವುದಿಲ್ಲ. ಕೋಲಿ ಬೆರೆಸಿದರೆ ಓಟ ಸ್ವಲ್ಪ ಕಡಿಮೆಯಾದರೂ ತಲೆ ಬರುತ್ತದೆ. ಮೊಲ ಎಲ್ಲಿ ತಿರುಗೀತು ಎಂದು ಅಂದಾಜು ಮಾಡಿ ಅಡ್ಡ ಹಾಯುತ್ತದೆ, ಕರೆದರೆ ಬರುತ್ತದೆ. ಆ ಮರಿಯನ್ನು ಮತ್ತೆ ಗ್ರೇಹೌಂಡಿಗೆ ಕೂಡಿಸಿ ಮುಕ್ಕಾಲು ಪಾಲು ಮಾಡುವವರೂ ಇದ್ದರು. ವಿಪೆಟ್ ಮತ್ತು ಬೆಡ್ಲಿಂಗ್ಟನ್ ಟೆರಿಯರಿನ ಬೆರಕೆ ಬಿಲದ ಬಾಯಲ್ಲಿ ಸಿಗುವ ರ‍್ಯಾಬಿಟ್ಟಿಗೆ ಸರಿ, ದೊಡ್ಡ ಬಯಲಿನ ಮೊಲಕ್ಕೆ ಸಾಲದು. "ನಮ್ಮ ಫೆನ್ಸಿಗೆ ಸಲೂಕಿ ರಕ್ತ ಬೇಕು. ಅದು ಮರುಭೂಮಿಯ ನಾಯಿ, ದಣಿಯೋದಿಲ್ಲ. ಆದರೆ ಮೊಲ ಕಣ್ಣಿಗೆ ಬಿತ್ತೋ, ನೀನು ಕೂಗಿದ್ದು ಅದಕ್ಕೆ ಕೇಳಿಸೋದಿಲ್ಲ."

ಇಷ್ಟೆಲ್ಲ ಲೆಕ್ಕ ಹಾಕಿ ಕೂಡಿಸಿದರೂ ಒಂದೇ ಸೂಲಿನ ಆರು ಮರಿ ಆರು ಥರ ಆಗುತ್ತವಂತೆ. ಒಂದಕ್ಕೆ ತಾಯಿಯ ಕಾಲು, ಇನ್ನೊಂದಕ್ಕೆ ತಂದೆಯ ಮೊಂಡುತನ.

ಅವರ ಮಾತು ಕೇಳುತ್ತ ನನಗೆ ನಮ್ಮಜ್ಜ ನೆನಪಾದ. ಜೋಳದ ರಾಶಿ ಮುಗಿದು ಹೊಲ ಬರಿದಾದ ಮೇಲೆ ನಮ್ಮೂರಲ್ಲಿ ಬ್ಯಾಟಿ ನಾಯಿಗಳ ಕಾಲ. ಮರಿ ಆರಿಸಲು ಜನ ಅಜ್ಜನನ್ನು ಕರೆಯುತ್ತಿದ್ದರು. "ಎದಿ ಆಳ ಇರಬೇಕು, ಹೊಟ್ಟಿ ಬೆನ್ನಿಗೆ ಹತ್ತಿರಬೇಕು, ಬಾಲ ಬಾರಕೋಲಿನಂಗ ಇರಬೇಕು. ಮತ್ತ ಕಣ್ಣು ನೋಡೋ ತಮ್ಮಾ, ಅದು ನಿನ್ನ ಕೈಯಾಗಿನ ರೊಟ್ಟಿ ನೋಡಬಾರದು, ದೂರ ಹಾರೂ ಹಕ್ಕಿ ನೋಡಬೇಕು." ವನ್ಯಜೀವಿ ಕಾಯಿದೆ 1972ರಲ್ಲೇ ಬಂದಿತ್ತು. ನಮ್ಮ ಹೊಲದ ಬದುವಿಗೆ ಅದು ಬಂದು ಮುಟ್ಟಲು ಇನ್ನೂ ಬಹಳ ವರ್ಷ ಹಿಡಿಯಿತು. ಮುಧೋಳ ನಾಯಿಯ ಹಿರೀಕರೂ ಪರ್ಶಿಯಾ, ಅರಬ್ ಕಡೆಯಿಂದ ಬಂದ ಸಲೂಕಿಯಂಥ ನಾಯಿಗಳೇ ಎನ್ನುತ್ತಾರೆ. ಕಾರವಾನಿ ಎಂಬ ಅದರ ಇನ್ನೊಂದು ಹೆಸರಿನಲ್ಲಿ ಆ ಸಾರ್ಥದ ನೆನಪಿದೆ. ಮುಧೋಳದ ಘೋರ್ಪಡೆ ರಾಜರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿ ಕೊಟ್ಟಿದ್ದರೆಂಬ ಕಥೆಯನ್ನು ನಮ್ಮೂರಲ್ಲಿ ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಅಂದರೆ ಫೆನ್ಸಿನ ಬೆರಕೆ ನಾಯಿ ದೂರದಿಂದ ನಮ್ಮ ನಾಯಿಯ ದಾಯಾದಿ.

ಇಲ್ಲಿಯೂ ಕಾಯಿದೆ ಬಂತು. ಲಿವರ್‌ಪೂಲ್ ಸಮೀಪದ ಆಲ್ಟ್‌ಕಾರಿನಲ್ಲಿ 1836ರಿಂದ ನಡೆಯುತ್ತಿದ್ದ ವಾಟರ್ಲೂ ಕಪ್ ಎಂಬ ಮೊಲದ ಪಂದ್ಯ 2005ರ ಫೆಬ್ರವರಿಯಲ್ಲಿ ಕೊನೆಯ ಸಲ ನಡೆಯಿತು. ಅದೇ ತಿಂಗಳ 18ರಿಂದ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಕಾಡುಮೊಲದ ಮೇಲೆ ನಾಯಿ ಬಿಡುವುದು ಅಪರಾಧ. ಪಕ್ಕದ ಮನೆಯ ಅಜ್ಜ ಅಂದಿನಿಂದ ನಾಯಿ ಬಿಡಲಿಲ್ಲ. ಬಿಟ್ಟವರು ಬೇರೆ. ಸುಗ್ಗಿ ಮುಗಿದೊಡನೆ ದೂರದೂರಿನಿಂದ ದೊಡ್ಡ ಗಾಡಿಗಳಲ್ಲಿ ಬಂದು, ಗೇಟು ಮುರಿದು, ಮೊಳಕೆಯೊಡೆದ ಗೋಧಿಯ ಮೇಲೆ ಗಾಡಿ ಓಡಿಸಿ, ಫೋನಿನಲ್ಲಿ ಓಟ ತೋರಿಸುತ್ತ ಬಾಜಿ ಕಟ್ಟುತ್ತಾರೆ. ಕೇಳಲು ಹೋದ ರೈತನಿಗೆ ಬೆದರಿಕೆ. ಅದಕ್ಕೇ ಇಲ್ಲಿನ ಹೊಲಗಳ ದಾರಿಗೆ ಮರದ ದಿಮ್ಮಿ ಅಡ್ಡ ಹಾಕಿರುತ್ತಾರೆ, ಅಂಚಿಗೆ ಕಂದಕ ತೋಡಿರುತ್ತಾರೆ. 2022ರಲ್ಲಿ ಕಾನೂನು ಬಿಗಿಯಾಯಿತು. ಆರು ತಿಂಗಳವರೆಗೆ ಸೆರೆಯಾಗಬಹುದು, ನಾಯಿ ಸಾಕುವ ಹಕ್ಕೇ ಹೋಗಬಹುದು. ಇದರ ನಡುವೆ ಸೋತ ನಾಯಿ, ಕಾಲು ಉಳುಕಿದ ನಾಯಿ, ವಯಸ್ಸಾದ ನಾಯಿ ಯಾವುದೋ ರಸ್ತೆಯ ಬದಿಗೆ ಬಂದು ನಿಲ್ಲುತ್ತದೆ. ಆಶ್ರಯ ತುಂಬಿದ್ದು ಹೀಗೆ.

ನಮ್ಮ ಮುಂದೆ ಕೊನೆಗೆ ಉಳಿದದ್ದು ಎರಡು ನಾಯಿ. ಒಂದು ಕೋಲಿ ಬೆರಕೆಯ ಕಪ್ಪು ಗಂಡು, ಮಗಳ ಕೈಗೆ ತಾನಾಗಿ ತಲೆ ಕೊಟ್ಟಿತು. ಇನ್ನೊಂದು ಮರಳು ಬಣ್ಣದ ಹೆಣ್ಣು, ಕಿವಿಯ ಅಂಚಿಗೆ ರೇಷ್ಮೆಯಂಥ ಕೂದಲು, ತಂತಿ ಹರಿದು ಎದೆಯ ತೆಳು ಚರ್ಮಕ್ಕೆ ಹಾಕಿದ ಹೊಲಿಗೆಯ ಗುರುತು. ಅದು ನಮ್ಮನ್ನು ನೋಡಲಿಲ್ಲ, ಕಿಟಕಿಯಾಚೆ ಕಾಗೆ ನೋಡುತ್ತಿತ್ತು. ನಮ್ಮಜ್ಜ ಇದ್ದಿದ್ದರೆ ಕ್ಷಣವೂ ಯೋಚಿಸುತ್ತಿರಲಿಲ್ಲ.

ನಾನು ಯೋಚಿಸಬೇಕಾಗಿತ್ತು. ಪಕ್ಕದ ಅಜ್ಜ ಕೊಟ್ಟ ಲೆಕ್ಕವನ್ನು ತಿರುವಿ ಹಾಕಿದರೆ ಉತ್ತರ ಸ್ಪಷ್ಟ: ಹಿತ್ತಿಲ ಗೇಟು ತೆರೆದರೆ ಮೊಲ ಇರುವ ಮನೆಗೆ, ಮೊಲ ಕಂಡರೂ ಕರೆದರೆ ಬರುವ ಕೋಲಿಯೇ ಸರಿ. ಹೆಂಡತಿಯೂ ಅದನ್ನೇ ಹೇಳಿದಳು. ಆಶ್ರಯದ ಹುಡುಗಿ ಹೇಳಿದ್ದು ಬೇರೆ ಮಾತು: ಕಪ್ಪು ನಾಯಿಯನ್ನು ಕೇಳಿ ಇನ್ನೂ ಮೂರು ಮನೆಯವರು ಸಾಲಿನಲ್ಲಿದ್ದಾರೆ. ಮರಳು ಬಣ್ಣದವಳು ಬಂದು ಹನ್ನೊಂದು ತಿಂಗಳಾಗಿದೆ, ಒಬ್ಬರೂ ಕೇಳಿಲ್ಲ.

"ಇವಳಿಗೆ ಓಡೋಕೆ ಬಿಡೋದೇ ಇಲ್ವಾ ಅಪ್ಪಾ?" ಎಂದು ಕೇಳಿದಳು ಮಗಳು. ಆ ಪ್ರಶ್ನೆಗೆ ಉತ್ತರ ಹುಡುಕಿಯೇ ಮನೆಗೆ ತಂದೆವು. ಐದಡಿ ಬೇಲಿ ಇದ್ದದ್ದು ಆರಡಿಯಾಯಿತು. ಹೊಲದ ದಾರಿಯಲ್ಲಿ ಹಗ್ಗ ಬಿಚ್ಚುವಂತಿಲ್ಲ, ಮನೆಗೆ ಬಂದ ನೆಂಟರೂ ಗೇಟಿನ ಚಿಲಕ ಎರಡು ಸಲ ನೋಡಬೇಕು. ಇಲ್ಲಿ ಸುತ್ತಲೂ ಎತ್ತರದ ಬೇಲಿ ಹಾಕಿದ ಹೊಲವನ್ನು ನಾಯಿಗಳಿಗೆಂದೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ನಮ್ಮದು.

ನೂರಾರು ವರ್ಷ ಮನುಷ್ಯರು ಆರಿಸಿ ಆರಿಸಿ ಆ ಕಣ್ಣನ್ನೂ ಆ ಕಾಲನ್ನೂ ಮಾಡಿದ್ದಾರೆ. ಕಾಯಿದೆ ಮನುಷ್ಯರಿಗೆ ತಿಳಿಯುತ್ತದೆ, ರಕ್ತಕ್ಕೆ ತಿಳಿಯುವುದಿಲ್ಲ. ಮೊಲ ಬದುಕಬೇಕು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗೆಂದು ಅದಕ್ಕಾಗಿಯೇ ಹುಟ್ಟಿಸಿದ ನಾಯಿಯನ್ನು ರಸ್ತೆ ಬದಿಗೆ ಬಿಡುವುದಕ್ಕೆ ಯಾರಿಗೂ ಹಕ್ಕಿಲ್ಲ. ನಮ್ಮಜ್ಜ ಆರಿಸಿಕೊಟ್ಟ ಎಷ್ಟೋ ಮರಿಗಳ ಋಣ ನನ್ನ ತಲೆಯ ಮೇಲೂ ಒಂದಿಷ್ಟು ಇದ್ದೀತು.

ಕಳೆದ ತಿಂಗಳು ಪಕ್ಕದ ಅಜ್ಜನನ್ನೂ ಬಾಡಿಗೆ ಹೊಲಕ್ಕೆ ಕರೆದೊಯ್ದೆವು. ಮಗಳು ಹಗ್ಗ ಬಿಚ್ಚಿದಳು. ಅವಳು ಬೇಲಿಗುಂಟ ಒಂದು ಸುತ್ತು ಹೋದಳು, ಎರಡನೆಯ ಸುತ್ತಿಗೆ ಬೆನ್ನು ಬಿಲ್ಲಿನಂತೆ ಬಾಗಿ ನಾಲ್ಕು ಕಾಲೂ ನೆಲ ಬಿಟ್ಟವು. ಅಜ್ಜ ಊರುಗೋಲಿನ ಮೇಲೆ ಎರಡೂ ಕೈಯಿಟ್ಟು ನೋಡುತ್ತಿದ್ದರು.

"ಎಡಗಡೆಗೆ ತಿರುಗುವಾಗ ಸ್ವಲ್ಪ ಅಗಲ ಹೋಗ್ತಾಳೆ. ಮೊಲ ಉಳ್ಕೋತಿತ್ತು" ಎಂದರು. ಅವರ ದನಿಯಲ್ಲಿ ಬೇಸರವೇನೂ ಇರಲಿಲ್ಲ.