ಇದು ಇಂಡಿ ಅಂತ ಹೆಂಗ ಗೊತ್ತಾಗ್ತದ?

ಬೆಂಗಳೂರಿನ ಆ್ಯಡ್ ಏಜೆನ್ಸಿಯೊಂದರಲ್ಲಿ ನನ್ನ ಕೆಲಸ. ಹೊಸ ಕ್ಯಾಮೆರಾ, ಹೊಸ ಆ್ಯಪ್ ಅಂದ್ರೆ ಊಟ ಮರೆಯೋನು. ಹೋದ ಜನವರಿಯಲ್ಲಿ ಲಿಂಬೆ ಉಪ್ಪಿನಕಾಯಿಯ ಜಾಹೀರಾತು ಚಿತ್ರೀಕರಣಕ್ಕೆ ವಿಜಯಪುರ ಜಿಲ್ಲೆಗೆ ಹೋದೆ. ಬಸವಣ್ಣನವರ ಊರು ಬಸವನ ಬಾಗೇವಾಡಿ ನೋಡಿಕೊಂಡು, ಸಿಂದಗಿ ಕಡೆಯ ಬಿಳಿಜೋಳದ ಹೊಲಗಳನ್ನು ದಾಟಿ ಇಂಡಿ ತಲುಪಿದಾಗ ಮಧ್ಯಾಹ್ನ.

ಲಿಂಬೆ ತೋಟದ ಮೇಲೆ ಡ್ರೋನ್ ಹಾರಿಸಿದೆ. ಸ್ಕ್ರೀನ್ ತುಂಬಾ ಹಸಿರು. ತೋಟದ ಯಜಮಾನರಿಗೆ ತೋರಿಸಿ, "ಹೇಗಿದೆ ಕಾಕಾ?" ಅಂದೆ.

"ಚಂದ ಅದ ತಮ್ಮಾ. ಆದ್ರ ಇದು ಇಂಡಿ ಅಂತ ನೋಡಿದವರಿಗೆ ಹೆಂಗ ಗೊತ್ತಾಗ್ತದ?"

ನನ್ನ ಸ್ಕ್ರಿಪ್ಟಿನಲ್ಲಿ ಊರಿನ ಹೆಸರೇ ಇರಲಿಲ್ಲ! ತೆಳು ಸಿಪ್ಪೆಯ, ರಸ ತುಂಬಿದ ಈ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಅಂದ್ರೆ ಬೇರೆಡೆ ಬೆಳೆದ ಹಣ್ಣಿಗೆ 'ಇಂಡಿ ಲಿಂಬೆ' ಅಂತ ಹೆಸರು ಹಚ್ಚುವಂತಿಲ್ಲ. ರೈತರಿಗೆ ದಕ್ಕಿದ ಆ ಹೆಸರನ್ನೇ ನಾನು ಬಿಟ್ಟಿದ್ದೆ.

ವಾಪಸ್ ಬರುವಾಗ ಮುದ್ದೇಬಿಹಾಳದ ಲಾಡ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದೆ. ಡ್ರೋನ್ ದೃಶ್ಯ ಅರ್ಧಕ್ಕಿಳಿಸಿ, ಕಾಕಾ ಅವರ ಪ್ರಶ್ನೆಯನ್ನೇ ಮೊದಲ ಸಾಲು ಮಾಡಿದೆ. ಕ್ಲೈಂಟ್ ಒಪ್ತಾರೋ ಇಲ್ಲವೋ ಗೊತ್ತಿಲ್ಲ. ಹೆಸರು ತೆಗೀರಿ ಅಂದ್ರೆ ಮಾತ್ರ ಈ ಸಲ ನಾನು ಸುಮ್ಮನಿರಲ್ಲ.