ಒಂದು ಮನೆ, ಎರಡು ಒಲೆ

ನನ್ನ ಗಣಕಯಂತ್ರದಲ್ಲಿ ಎರಡು ಸಂಸಾರಗಳಿವೆ. ಗುಂಡಿಯನ್ನೊತ್ತಿದೊಡನೆ ‘ಗ್ರಬ್’ ಎಂಬ ದ್ವಾರಪಾಲಕನು ಪರದೆಯ ಮೇಲೆ ಕಾಣಿಸಿಕೊಂಡು, ಯಾರ ಮನೆಗೆ ಹೋಗಬೇಕೆಂದು ವಿಚಾರಿಸುತ್ತಾನೆ. ವಿಂಡೋಸಿಗೆ ಒಂದು ಬಾಗಿಲು, ಉಬುಂಟುವಿಗೆ ಇನ್ನೊಂದು. ಅಣ್ಣತಮ್ಮಂದಿರು ಒಂದೇ ಸೂರಿನಡಿಯಲ್ಲಿ ಬೇರೆ ಬೇರೆ ಒಲೆ ಹೂಡಿದ ಮನೆಗಳನ್ನು ವಿಜಯಪುರದ ಕಡೆ ಕಂಡು ಬೆಳೆದ ನನಗೆ ಈ ಏರ್ಪಾಡು ವಿಚಿತ್ರವೆನಿಸಲಿಲ್ಲ.

ಈ ಪಾಲು ಏಕಾಯಿತೆಂದು ಕೇಳುವವರುಂಟು. ನನ್ನ ಹಳೆಯ ಪ್ರಶ್ನಪತ್ರಿಕೆಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿವೆ. ಅವಕ್ಕೆ ವಿಂಡೋಸೇ ಬೇಕು. ಉಳಿದ ಬರವಣಿಗೆಯೆಲ್ಲ ಉಬುಂಟುವಿನಲ್ಲಿ. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿಯೇ ಅಲ್ಲಿ ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸಬಹುದು, ದುಡ್ಡನ್ನೂ ಕೊಡಬೇಕಾಗಿಲ್ಲ. (ಈ ಕೊನೆಯ ಕಾರಣವೇ ಮೊದಲನೆಯದೆಂದು ನನ್ನ ಹೆಂಡತಿಯ ಅಭಿಪ್ರಾಯ.)

ಜುಲೈ ತಿಂಗಳ ಒಂದು ಸಂಜೆ, ಹೊರಗೆ ಪುಣೆಯ ಜಿಟಿಜಿಟಿ ಮಳೆ. ಉಬುಂಟು ತನ್ನನ್ನು ತಾನು ನವೀಕರಿಸಿಕೊಳ್ಳುತ್ತಿರುವಾಗಲೇ ವಿದ್ಯುತ್ತು ಹೋಯಿತು. ಯಂತ್ರದ ಬ್ಯಾಟರಿ ಸತ್ತು ವರ್ಷವಾಗಿತ್ತು. ದೀಪ ಬಂದಮೇಲೆ ವಿಂಡೋಸಿನ ಬಾಗಿಲು ತೆರೆಯಿತು, ಉಬುಂಟುವಿನದು ತೆರೆಯಲಿಲ್ಲ.

ಅದರೊಳಗೆ ಆರು ವರ್ಷಗಳಿಂದ ನಾನು ಬೆರಳಚ್ಚಿಸಿಟ್ಟ ಮಕ್ಕಳ ಪ್ರಬಂಧಗಳಿದ್ದುವು. ನಮ್ಮ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಕಟ್ಟಡದ ಕೆಲಸಕ್ಕೆ ಬಂದವರು. ಕೆಲಸ ಮುಗಿದರೆ ಊರೂ ಬದಲು, ಶಾಲೆಯೂ ಬದಲು. ಪುಣೆಯ ಮುಳಾ-ಮುಠೆಯ ನೀರು ಭೀಮೆಯನ್ನು ಕೂಡಿ, ಉಜನಿ ಜಲಾಶಯವನ್ನು ಹಾದು ಕಲಬುರಗಿ ಜಿಲ್ಲೆಗೆ ಹೋಗುತ್ತದೆಂದು ನಾನೊಮ್ಮೆ ತರಗತಿಯಲ್ಲಿ ಹೇಳಿದ್ದೆ. ಮರುದಿನವೇ ಅಫಜಲಪುರದ ಕಡೆಯ ಹುಡುಗಿಯೊಬ್ಬಳು ಎರಡು ಪುಟ ಬರೆದು ತಂದಳು. ಸೇತುವೆಯ ಮೇಲೆ ನಿಂತು ತನ್ನ ಅಜ್ಜಿಗೆ ಹೇಳಬೇಕಾದ ಮಾತನ್ನೆಲ್ಲ ನೀರಿಗೆ ಹೇಳುವಳಂತೆ. ಅದು ಹೊತ್ತುಕೊಂಡು ಹೋಗುವುದಂತೆ. ನಾನು ಅದನ್ನು ಬೆರಳಚ್ಚಿಸಿಕೊಂಡು ಹಾಳೆಗಳನ್ನು ಅವಳಿಗೇ ಹಿಂದಿರುಗಿಸಿದೆ. ದೀಪಾವಳಿಯ ರಜೆಗೆಂದು ಹೋದವಳು ಮರಳಿ ಬರಲಿಲ್ಲ.

ಯಂತ್ರವನ್ನು ಬಗಲಲ್ಲಿಟ್ಟುಕೊಂಡು ರಿಪೇರಿಯ ಅಂಗಡಿಗೆ ಹೋದೆ. ಹುಡುಗನು ನೋಡಿದ್ದೇ ತಡ, “ಸರ್, ಸಗಳಂ ಫಾರ್ಮ್ಯಾಟ್ ಮಾರೂ!” ಎಂದನು. ಎಲ್ಲವನ್ನೂ ಅಳಿಸಿಬಿಡೋಣವೆಂದು ಅರ್ಥ. ಎಷ್ಟು ಉತ್ಸಾಹ! ನಾನು ಯಂತ್ರವನ್ನೆತ್ತಿಕೊಂಡು ಮನೆಗೆ ಬಂದೆ.

ಮೊದಲು ವಿಂಡೋಸನ್ನು ಸರಿಯಾಗಿ ಮಲಗಿಸಬೇಕಾಗಿತ್ತು. ಇದಕ್ಕೆ ‘ಫಾಸ್ಟ್ ಸ್ಟಾರ್ಟಪ್’ ಎಂಬ ಒಂದು ಚಾಳಿಯುಂಟು. ಮುಚ್ಚಿದರೂ ಪೂರ್ತಿ ಮುಚ್ಚದೆ ಕೋಳಿನಿದ್ದೆ ಮಾಡುತ್ತಿರುತ್ತದೆ. ಆಗ ಹೊರಗಿನವರು ಅದರ ಭಾಗಕ್ಕೆ ಕೈಯಿಟ್ಟರೆ ಕಡತಗಳು ಕೆಡಬಹುದು. ಆ ಚಾಳಿಯನ್ನು ಬಿಡಿಸಿದೆ. (ಬಿಟ್‌ಲಾಕರ್ ಬೀಗವಿರುವ ಯಂತ್ರದವರು ಅದರ 48 ಅಂಕೆಗಳ ಕೀಲಿಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಕ್ಷೇಮ.) ಬಳಿಕ ಪೆನ್ ಡ್ರೈವಿನಲ್ಲಿ ಹೊಸ ಉಬುಂಟುವನ್ನು ಸಿದ್ಧಪಡಿಸಿ, ಸ್ಥಾಪಿಸದೆ, ಅದರಿಂದಲೇ ಯಂತ್ರವನ್ನು ನಡೆಸಿದೆ. ಹಾಳುಬಿದ್ದ ಮನೆಯ ಕಿಟಕಿಯಿಂದ ಇಣುಕಿದ ಹಾಗಾಯಿತು. ಪೆಟ್ಟಿಗೆಗಳೆಲ್ಲ ಇದ್ದಲ್ಲಿಯೇ ಇದ್ದುವು! ಹುಡುಗಿಯ ಪ್ರಬಂಧವನ್ನು ತೆರೆದೆ. ಅವಳು ಬರೆದಂತೆಯೇ ಬೆರಳಚ್ಚಿಸಿದ್ದೆನಷ್ಟೆ. ‘ಬೀಮೆ’ ಎಂದು ಮಹಾಪ್ರಾಣವಿಲ್ಲದೆ ಹರಿಯುತ್ತಿದ್ದಳು. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ, ನಾಲ್ಕಾರನ್ನು ಹೆಂಡತಿಯ ಯಂತ್ರದಲ್ಲಿ ತೆರೆದು ನೋಡಿದ ಮೇಲೆಯೇ ಮುಂದಿನ ಕೆಲಸ.

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವನು ನಾನು. ಇಂಗ್ಲಿಷ್ ಪರದೆಯನ್ನು ಇಂದಿಗೂ ಸಾಲಿಗೆ ಬೆರಳಿಟ್ಟು ಓದುತ್ತೇನೆ. ಸಹೋದ್ಯೋಗಿಗಳು ನಗುವುದುಂಟು. ಆ ರಾತ್ರಿ ಈ ಮಂದಗತಿಯೇ ನನ್ನನ್ನು ಕಾಯಿತು. ಡಿಸ್ಕನ್ನು ಅಳಿಸಿ ಉಬುಂಟುವನ್ನು ಸ್ಥಾಪಿಸಲೇ ಎಂದು ಪರದೆಯು ವಿನಯದಿಂದ ಕೇಳುತ್ತದೆ. ಡಿಸ್ಕ್ ಎಂದರೆ ಇಡೀ ಡಿಸ್ಕು, ಅಣ್ಣನ ಪಾಲೂ ಸೇರಿ! ಅದನ್ನು ಬಿಟ್ಟು, ಭಾಗಗಳನ್ನು ನಾವೇ ಆರಿಸುವ ದಾರಿಯನ್ನು ಹಿಡಿದೆ. ಯಾವ ಭಾಗ ಎಷ್ಟು ದೊಡ್ಡದು, ಯಾರದು ಎಂಬುದನ್ನು ಮೊದಲೇ ನೋಟುಪುಸ್ತಕದಲ್ಲಿ ನಕ್ಷೆ ಬರೆದುಕೊಂಡಿದ್ದೆ. ಎನ್‌ಟಿಎಫ್‌ಎಸ್ ಎಂದಿರುವುದು ವಿಂಡೋಸಿನದು, ಮುಟ್ಟಕೂಡದು. 100 ಎಂಬಿಯ ಪುಟ್ಟ ಇಎಫ್‌ಐ ಭಾಗವು ಎರಡು ಮನೆಗಳ ಸಮಾನ ತಲೆಬಾಗಿಲು. ಅದನ್ನು ಬಳಸಬೇಕು, ಫಾರ್ಮ್ಯಾಟ್ ಮಾಡಬಾರದು. ಉಬುಂಟುವಿನ ಮೂಲಭಾಗಕ್ಕೆ ಮಾತ್ರ ಫಾರ್ಮ್ಯಾಟಿನ ಗುರುತು ಹಾಕಿದೆ. ಕಡತಗಳಿರುವ ‘ಹೋಮ್’ ಭಾಗವನ್ನು ಪುಣ್ಯಕ್ಕೆ ಮೊದಲೇ ಬೇರೆಯಾಗಿರಿಸಿದ್ದೆ. ಗುರುತು ಹಾಕದೆ ಅದನ್ನು ಅದರ ಸ್ಥಾನಕ್ಕೆ ಜೋಡಿಸಿದೆ. ನಕ್ಷೆಯನ್ನೂ ಪರದೆಯನ್ನೂ ಮೂರು ಸಲ ತಾಳೆ ನೋಡಿ, ಗುಂಡಿಯನ್ನೊತ್ತಿದೆ.

ಕೆಟ್ಟದ್ದು ವಿಂಡೋಸ್ ಆಗಿದ್ದರೆ ಕಥೆ ಬೇರೆ. ಮರಳಿ ಸ್ಥಾಪಿತವಾದ ವಿಂಡೋಸ್ ತಾನೇ ಯಜಮಾನನೆಂದು ಮುಂದೆ ನಿಲ್ಲುತ್ತದೆ. ಹಳೆಯ ಯಂತ್ರಗಳಲ್ಲಿ ಡಿಸ್ಕಿನ ಮೊದಲ ಅಂಕಣವನ್ನೇ ಬರೆದುಕೊಂಡು ಗ್ರಬ್ಬನ್ನು ಓಡಿಸಿಬಿಡುತ್ತಿತ್ತು. ಈಗಿನವುಗಳಲ್ಲಿ ಉಬುಂಟುವಿನ ಬಾಗಿಲು ಸಾಮಾನ್ಯವಾಗಿ ಹಿಂದೆ ಸರಿದಿರುತ್ತದೆಯೇ ಹೊರತು ಮುಚ್ಚಿರುವುದಿಲ್ಲ. ಯಂತ್ರದ ಸೆಟಪ್ಪಿನಲ್ಲಿ ಸರದಿಯನ್ನು ಬದಲಿಸಿದರೆ ಸಾಕು.

ಕೆಲಸ ಮುಗಿದಾಗ ರಾತ್ರಿ ಹನ್ನೊಂದು. ಉಬುಂಟು ತೆರೆಯಿತು; ಪ್ರಬಂಧಗಳು ತಮ್ಮ ಜಾಗದಲ್ಲಿದ್ದುವು. ಅಣ್ಣನ ಕ್ಷೇಮವನ್ನು ವಿಚಾರಿಸೋಣವೆಂದು ವಿಂಡೋಸಿಗೆ ಹೋದರೆ, ಗಡಿಯಾರದಲ್ಲಿ ಸಂಜೆಯ ಐದೂವರೆ! ಉಬುಂಟು ಯಂತ್ರದ ಗಡಿಯಾರವನ್ನು ಗ್ರೀನಿಚ್ ಕಾಲಕ್ಕಿಟ್ಟಿತ್ತು, ವಿಂಡೋಸು ಅದನ್ನೇ ನಮ್ಮೂರ ಕಾಲವೆಂದು ನಂಬಿತ್ತು. ಐದೂವರೆಯೆಂದರೆ ನಮ್ಮ ಶಾಲೆ ಬಿಡುವ ಹೊತ್ತು. ಉಬುಂಟುವಿಗೆ ಮರಳಿ, ಒಂದು ಸಾಲಿನ ಆಜ್ಞೆ ಕೊಟ್ಟು ಇಬ್ಬರಿಗೂ ಒಂದೇ ಗಂಟೆ ಮಾಡಿ ಮಲಗಿದೆ.